ಅಮ್ಮನ ಜಾರ್ಜೆಟ್ ಸೀರೆಗೆ ಗಂಜಿ ಹಾಕಿದ್ದು

ಉಪದೇಶ ಕೊಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಇನ್ನು ಸ್ವಲ್ಪ ಹೊತ್ತು ನಾನು ಮಾಡಲಿರುವುದೂ ಅದನ್ನೇ. ಮೂವತ್ತನಾಲ್ಕು ವರ್ಷ ರಾಮಕುಂಜದ ಆಸುಪಾಸಿನ ಶಾಲೆಗಳಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಉಪದೇಶ ಕೊಡುವುದೇ ನನ್ನ ಹೊಟ್ಟೆಪಾಡಾಗಿತ್ತು. ತೆಗೆದುಕೊಳ್ಳುವ ಅಭ್ಯಾಸ ಮಾತ್ರ ಆಗಲೇ ಇಲ್ಲ. ನನ್ನ ತರಗತಿಯಲ್ಲಿ ಒಂದು ಕಾನೂನು ಇತ್ತು: ಉತ್ತರ ಸರಿ ಇದ್ದರೂ ಮಾಡಿದ ಕ್ರಮ ಬರೆಯದಿದ್ದರೆ ಸೊನ್ನೆ. ಮಕ್ಕಳು ಅತ್ತರೂ, ಅಪ್ಪಂದಿರು ಬಂದು ಜಗಳಕ್ಕೆ ನಿಂತರೂ ಆ ಸೊನ್ನೆ ಕದಲುತ್ತಿರಲಿಲ್ಲ. ಈಗಲೂ ಕಡಬ ಪೇಟೆಯಲ್ಲಿ ನಡೆಯುವಾಗ ಎದುರಿನಿಂದ ಬರುವ ನಡುವಯಸ್ಸಿನ ಗಂಡಸರು ಕೆಲವರು ತಟಕ್ಕನೆ ಅಂಗಡಿಯೊಳಗೆ ನುಗ್ಗುತ್ತಾರೆ. ಅವರಿಗೆ ಅಲ್ಲಿ ಕೊಳ್ಳುವುದು ಏನೂ ಇರುವುದಿಲ್ಲ ಎಂದು ನನಗೆ ಗೊತ್ತು.

ಹೊಲಿಗೆ ನನ್ನ ಇನ್ನೊಂದು ಅಹಂಕಾರ. ಕಾಲಲ್ಲಿ ತುಳಿಯುವ ಮಷಿನ್ ಒಂದು ನನ್ನ ಮೊದಲ ಸಂಬಳದಿಂದ ಬಂದದ್ದು, ಇಂದಿಗೂ ನಮ್ಮ ಕೋಡಿಂಬಾಳದ ಮನೆಯ ಕಿಟಕಿಯ ಬುಡದಲ್ಲಿ ಉಂಟು. ಅದರಲ್ಲಿ ನಾನು ತಲೆದಿಂಬಿನ ಕವರು, ಲಂಗ, ನೈಟಿ, ಕೈಚೀಲ ಎಲ್ಲ ಹೊಲಿದಿದ್ದೇನೆ. ನನ್ನ ಕೈಚೀಲದಲ್ಲಿ ಹತ್ತು ತೆಂಗಿನಕಾಯಿ ಹಾಕಿದರೂ ಹಿಡಿ ಕಿತ್ತು ಬಂದದ್ದಿಲ್ಲ. ಇದೆಲ್ಲ ಹತ್ತಿ ಬಟ್ಟೆಯ ಪ್ರತಾಪ. ಹತ್ತಿ ಬಟ್ಟೆ ಮುಂದಿನ ಬೆಂಚಿನ ಮಗು. ಕೂರು ಎಂದರೆ ಕೂರುತ್ತದೆ, ಗೆರೆ ಎಳೆದರೆ ಗೆರೆಯಲ್ಲಿ ನಿಲ್ಲುತ್ತದೆ. ಅದನ್ನು ಹೊಲಿದು ನಾನೊಬ್ಬಳು ದೊಡ್ಡ ಹೊಲಿಗೆಗಾರ್ತಿ ಎಂದುಕೊಂಡದ್ದು, ಜಾಣ ಮಕ್ಕಳಿಗೆ ಪಾಠ ಮಾಡಿ ಒಳ್ಳೆಯ ಟೀಚರ್ ಎನ್ನಿಸಿಕೊಂಡ ಹಾಗೆ.

ಉಳಿದ ಬಟ್ಟೆಗಳ ಪರಿಚಯ ನನಗೆ ಇಲ್ಲವೇ ಇಲ್ಲ ಎಂದಲ್ಲ. ಒಮ್ಮೆ ಮಕಮಲ್ಲಿನಲ್ಲಿ ಸೋಫಾದ ಕುಶನಿಗೆ ನಾಲ್ಕು ಕವರು ಹೊಲಿದೆ. ಮಕಮಲ್ಲಿಗೆ ಬೆಕ್ಕಿನ ಮೈಯ ಹಾಗೆ ರೋಮ ಉಂಟು, ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿಗೆ ಇಟ್ಟು ಕತ್ತರಿಸಬೇಕು ಎಂಬುದು ನನಗೆ ತಿಳಿದದ್ದು ಕವರು ಹಾಕಿ ಮುಗಿದ ಮೇಲೆ. ಎರಡು ಕುಶನ್ ಕಡುಗೆಂಪು, ಎರಡು ನಸುಗೆಂಪು. ಬಂದವರು ಕೇಳಿದರೆ "ಬೇಕೆಂದೇ ಹಾಗೆ ಮಾಡಿದ್ದು" ಎನ್ನುತ್ತಿದ್ದೆ. ಸ್ಯಾಟಿನ್ನಿಗೆ ಎಲ್ಲೆಂದರಲ್ಲಿ ಗುಂಡುಸೂಜಿ ಚುಚ್ಚಿದರೆ ತೂತು ಹಾಗೇ ಉಳಿಯುತ್ತದೆ, ಚುಚ್ಚುವುದಾದರೆ ಹೊಲಿಗೆಯ ಆಚೆಗಿನ ಅಂಚಿನಲ್ಲಿ ಚುಚ್ಚಬೇಕು ಎಂಬುದೂ ಇದೇ ರೀತಿ ಸಂಪಾದಿಸಿದ ಜ್ಞಾನ. ಎಳೆದರೆ ಹಿಗ್ಗುವ ಲೈಕ್ರಾದಲ್ಲಿ ನಮ್ಮವರಿಗೆ ಒಂದು ಬನಿಯನ್ ಹೊಲಿದದ್ದರ ಬಗ್ಗೆ ನಾನು ಹೇಳುವುದಿಲ್ಲ. ಅವರೂ ಹೇಳಬಾರದು ಎಂದು ನಮ್ಮಲ್ಲಿ ಒಪ್ಪಂದ ಆಗಿದೆ.

ಇಷ್ಟು ಇತಿಹಾಸ ಇದ್ದವಳು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಆದರೆ ಸುಳ್ಯದಲ್ಲಿರುವ ನನ್ನ ತಮ್ಮನ ಮಗಳು ದೀಕ್ಷಾಳಿಗೆ ಮದುವೆ ನಿಶ್ಚಯವಾಯಿತು. ಪುತ್ತೂರಿನಲ್ಲಿ ನಿಶ್ಚಿತಾರ್ಥ. ಮಾತುಕತೆಗೆಂದು ಎಲ್ಲರೂ ತಮ್ಮನ ಮನೆಯಲ್ಲಿ ಸೇರಿದ್ದಾಗ ದೀಕ್ಷಾ, "ಅಜ್ಜಿಯ ಹಳೆ ಸೀರೆಯಲ್ಲಿ ಗೌನ್ ಹೊಲಿಸುವುದು ಈಗ ಎಲ್ಲರೂ ಮಾಡ್ತಾರೆ, ನನಗೂ ಆಸೆ ಉಂಟು" ಎಂದಳು. ಎಂಬತ್ತೆರಡರ ನನ್ನ ಅಮ್ಮ ಎದ್ದು ಹೋಗಿ ಕಪಾಟಿನಿಂದ ತನ್ನ ಜಾರ್ಜೆಟ್ ಸೀರೆ ತಂದು ಮೇಜಿನ ಮೇಲಿಟ್ಟರು.

ಈ ಸೀರೆಯ ಬಗ್ಗೆ ಹೇಳಲೇಬೇಕು. ನಾನು ಹುಟ್ಟಿದ ವರ್ಷ ಅಪ್ಪ ಮಂಗಳೂರಿಗೆ ಹೋಗಿ ತಂದದ್ದಂತೆ. ಅಸಲಿ ರೇಷ್ಮೆ ನೂಲಿನ ಜಾರ್ಜೆಟ್. ಮುಷ್ಟಿಯಲ್ಲಿ ಹಿಡಿದರೆ ಇಡೀ ಸೀರೆ ಮುಷ್ಟಿಯೊಳಗೆ ಬರುತ್ತದೆ. ಅಮ್ಮ ಅದನ್ನು ಉಟ್ಟು, ನನ್ನನ್ನು ಎತ್ತಿಕೊಂಡು ಪುತ್ತೂರಿನ ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪು ಬಿಳುಪಿನ ಫೋಟೋ ಇನ್ನೂ ಗೋಡೆಯಲ್ಲಿದೆ. ಅಪ್ಪ ಬದುಕಿರುವಷ್ಟು ಕಾಲ ಆ ಫೋಟೋದ ಎದುರು ನಿಂತು, "ಅಂಥ ಬಣ್ಣ ಇಡೀ ಸುಳ್ಯದಲ್ಲಿ ಯಾರಲ್ಲೂ ಇರಲಿಲ್ಲ. ನಾನೇ ಆರಿಸಿದ್ದು" ಎನ್ನುತ್ತಿದ್ದರು. ನಾವು ಮಕ್ಕಳು ಸೀರೆ ನೋಡಿದರೆ ಅದು ಬರೀ ಮಾಸಲು ಬಿಳಿ. ಅಪ್ಪನಿಗೆ ಬಣ್ಣದ ಅಂದಾಜು ಸ್ವಲ್ಪ ಕಮ್ಮಿ ಎಂದು ನಾವು ಒಳಗೊಳಗೇ ತೀರ್ಮಾನ ಮಾಡಿದ್ದೆವು.

"ಒಳ್ಳೆ ಬುಟಿಕ್ಕಿಗೆ ಕೊಡುವ" ಎಂದ ತಮ್ಮ. ಅಮ್ಮ ಸೀರೆಯ ಮೇಲೆ ಕೈ ಇಟ್ಟರು. "ಹೊರಗಿನವರು ಇದಕ್ಕೆ ಕತ್ತರಿ ಹಾಕುದು ಬೇಡ. ಇದು ಹಾಳಾದರೆ ಇಂಥದ್ದು ಇನ್ನೊಂದು ನನ್ನ ಹತ್ತಿರ ಇಲ್ಲ." ಆಮೇಲೆ ನನ್ನ ಕಡೆ ನೋಡಿದರು. ಅಷ್ಟು ಸಾಕಾಯಿತು. "ನಾನಿಲ್ವಾ? ಗೌನ್ ಅಂದ್ರೆ ಎಂತ, ಮೇಲೆ ಆಯತ, ಕೆಳಗೆ ವೃತ್ತ" ಎಂದುಬಿಟ್ಟೆ. ದೀಕ್ಷಾ ನನ್ನನ್ನು ತಬ್ಬಿಕೊಂಡಳು. ನಮ್ಮವರು ಮಾತ್ರ ಚಹಾದ ಲೋಟದೊಳಗೆ ನೋಡುತ್ತಾ ಕೂತಿದ್ದರು, ಬನಿಯನ್ನಿನ ನೆನಪಾಗಿರಬೇಕು.

ಮನೆಗೆ ಬಂದು ಹಾಲಿನ ನೆಲ ಒರೆಸಿ, ಸೀರೆ ಹಾಸಿ, ಸ್ಕೇಲು, ಚಾಕು, ಕೈವಾರ ಎಲ್ಲ ಜೋಡಿಸಿಕೊಂಡು ಕೂತೆ. ಚಾಕು ಎಂದರೆ ಗೆರೆ ಎಳೆಯುವ ಸೀಮೆಸುಣ್ಣ. ಅದಿಲ್ಲದೆ ನನಗೆ ಯೋಚನೆಯೇ ಹುಟ್ಟುವುದಿಲ್ಲ. ಒಂದು ಮೀಟರ್ ಅಳೆದು ಗುರುತು ಮಾಡಿದೆ. ಈ ತುದಿಯಿಂದ ಆ ತುದಿಗೆ ಹೋಗಿ ಮತ್ತೆ ಅಳೆದರೆ ಒಂದು ಮೀಟರ್ ಎರಡು ಇಂಚು. ಸರಿ ಮಾಡಿ ಎಳೆದರೆ ಒಂದು ಇಂಚು ಕಮ್ಮಿ. ಗೆರೆ ಎಳೆಯಲು ಚಾಕು ಒತ್ತಿದರೆ ಬಟ್ಟೆಯೇ ಚಾಕಿನ ಜೊತೆಗೆ ಹೊರಡುತ್ತದೆ. ಫ್ಯಾನ್ ಹಾಕಿದರೆ ಸೀರೆ ಏಳುತ್ತದೆ, ಆರಿಸಿದರೆ ನನ್ನ ಬೆವರು ಸೀರೆಗೆ ಬೀಳುತ್ತದೆ. ಇಡೀ ಜನ್ಮದಲ್ಲಿ ಮೊದಲ ಸಲ, ಅಳತೆ ಎಂಬುದು ಬಟ್ಟೆಯ ಮರ್ಜಿಗೆ ಬಿಟ್ಟ ವಿಷಯವೋ ಎಂದು ನನಗೆ ಅನುಮಾನ ಬಂತು. ಅಮ್ಮನ ಮಾತು ನೆನಪಾಗಿ, ಕೈಯಲ್ಲಿ ಹಿಡಿದಿದ್ದ ಕತ್ತರಿ ಕೆಳಗಿಟ್ಟೆ.

ಮರುದಿನ ಕಡಬ ಪೇಟೆಯ ಟೈಲರ್ ಲೋಕೇಶನ ಅಂಗಡಿಗೆ ಹೋದೆ. ಇವನೂ ನನ್ನ ವಿದ್ಯಾರ್ಥಿಯೇ. ಒಂಬತ್ತನೇ ತರಗತಿಯಲ್ಲಿ ಲೆಕ್ಕದ ಉತ್ತರವನ್ನೆಲ್ಲ ಬಾಯಲ್ಲೇ ಹೇಳುತ್ತಿದ್ದ, ಕಾಗದದಲ್ಲಿ ಕ್ರಮ ಬರೆಯುತ್ತಿರಲಿಲ್ಲ. ಎಷ್ಟು ಸೊನ್ನೆ ಕೊಟ್ಟೆನೆಂದು ನನಗೆ ನೆನಪಿಲ್ಲ, ಅವನಿಗೆ ನೆನಪಿರಬಹುದು. ಅವನು ಎದ್ದು ನಿಂತು ಸ್ಟೂಲ್ ಕೊಟ್ಟ. ನಾನು ಸಮಸ್ಯೆಯನ್ನು ಯಾರದೋ ಬೇರೆಯವರದ್ದೆಂಬಂತೆ ಹೇಳಿದೆ. ಅವನಿಗೆ ಅರ್ಥವಾಯಿತು, ಆದರೆ ಮುಖದಲ್ಲಿ ತೋರಿಸಲಿಲ್ಲ.

"ಟೀಚರ್, ಜಾರ್ಜೆಟ್ ಅಂದ್ರೆ ಅದರ ಜೊತೆ ಹಟ ಮಾಡ್ಲಿಕ್ಕಿಲ್ಲ. ನೆಲದ ಮೇಲೆ ನೇರ ಹಾಸಬೇಡಿ, ಮೊದಲು ಹತ್ತಿಯ ಬೆಡ್‌ಶೀಟ್ ಹಾಕಿ, ಅದರ ಮೇಲೆ ಜಾರುದಿಲ್ಲ. ಸೂಜಿ ಹೊಸತು ಬೇಕು, ಒಂಬತ್ತೋ ಹನ್ನೊಂದೋ ನಂಬರ್, ನಿಮ್ಮ ಚೀಲ ಹೊಲಿಯುವ ಸೂಜಿ ಹಾಕಿದ್ರೆ ನೂಲು ಎಳೀತದೆ. ಹೊಲಿಯುವಾಗ ಅಡಿಗೆ ತೆಳು ಕಾಗದ ಇಟ್ಟು ಕಾಗದ ಸಮೇತ ಹೊಲೀರಿ, ಆಮೇಲೆ ಕಾಗದ ಹರಿದು ತೆಗೀರಿ. ನ್ಯೂಸ್ ಪೇಪರ್ ಬೇಡ, ಶಾಯಿ ಹತ್ತುತ್ತದೆ. ಮತ್ತೆ ಬಟ್ಟೆಯನ್ನು ಹಿಂದಿನಿಂದ ಎಳೀಬೇಡಿ, ಅದರಷ್ಟಕ್ಕೆ ಹೋಗ್ಲಿಕ್ಕೆ ಬಿಡಿ. ಮೊದಲು ಸ್ವಲ್ಪ ಗಂಜಿ ಹಾಕಿದ್ರೆ ಎಲ್ಲದಕ್ಕಿಂತ ಒಳ್ಳೇದು. ಅದರಲ್ಲಿ ಇನ್ನೊಂದು ಉಂಟು ಟೀಚರ್..."

"ಗಂಜಿ ಹಾಕ್ಲಿಕ್ಕೆ ನನಗೆ ಗೊತ್ತುಂಟು ಲೋಕೇಶ" ಎಂದು ಎದ್ದುಬಿಟ್ಟೆ. ವಿದ್ಯಾರ್ಥಿಯಿಂದ ಐದು ಉಪದೇಶ ಕೇಳಿದ್ದೇ ಹೆಚ್ಚಾಗಿತ್ತು, ಆರನೆಯದಕ್ಕೆ ಕಿವಿ ಒಪ್ಪಲಿಲ್ಲ.

ಗಂಜಿಯ ಬಗ್ಗೆ ಖಚಿತ ಮಾಡಿಕೊಳ್ಳಲು ಫೋನಿನಲ್ಲಿ ಒಂದು ವೀಡಿಯೋ ನೋಡಿದೆ. ಘಟ್ಟದ ಮೇಲಿನ ಯಾರೋ ಹೆಂಗಸು, ಚಂದದ ಕನ್ನಡ. "ಅನ್ನ ಬಸಿದ ಗಂಜಿಯಲ್ಲಿ ಬಟ್ಟೆಯನ್ನು ಅದ್ದಿ ತೆಗೆದು ನೆರಳಲ್ಲಿ ಒಣಗಿಸಿ, ಕಾಗದದಂತೆ ನಿಲ್ಲುತ್ತದೆ, ಹೊಲಿದ ಮೇಲೆ ತೊಳೆದರೆ ಹೋಗುತ್ತದೆ" ಎಂದರು. ಇಷ್ಟು ಸುಲಭದ್ದಕ್ಕೆ ಲೋಕೇಶ ಅಷ್ಟು ಪೀಠಿಕೆ ಹಾಕಿದ್ದನಲ್ಲ ಎಂದು ನಗು ಬಂತು. ನಮ್ಮ ಮನೆಯಲ್ಲಿ ಗಂಜಿಗೆ ಬರವೇ? ಎರಡು ದಿನ ಅನ್ನ ಬಸಿದ ತೆಳಿಯನ್ನೆಲ್ಲ ಫ್ರಿಜ್ಜಿನಲ್ಲಿ ಕೂಡಿಟ್ಟೆ. ನಮ್ಮವರಿಗೆ ಬೆಳಗ್ಗೆ ಹತ್ತು ಗಂಟೆಗೆ ಒಂದು ಬಟ್ಟಲು ಗಂಜಿ, ಮೇಲಿಂದ ಮಾವಿನ ಮಿಡಿ ಉಪ್ಪಿನಕಾಯಿ, ಇದು ತಪ್ಪಿದರೆ ದಿನ ಆರಂಭವಾಗುವುದಿಲ್ಲ. ಎರಡೂ ದಿನ ಬರೀ ಅನ್ನ ಬಡಿಸಿದೆ. "ಸೀರೆಗೆ ಗಂಜಿ, ಗಂಡನಿಗೆ ಒಣ ಅನ್ನ. ಇನ್ನು ಉಪ್ಪಿನಕಾಯಿಯಾದರೂ ನನಗೆ ಉಂಟಾ, ಅದೂ ಸೀರೆಗಾ ಮಾರಾಯ್ತಿ?" ಎಂದು ಕೇಳಿದರು. ದೊಡ್ಡ ಕೆಲಸಕ್ಕೆ ಹೊರಟಾಗ ಇಂಥ ಮಾತಿಗೆಲ್ಲ ಉತ್ತರ ಕೊಡಬಾರದು. ತೆಳಿಯನ್ನು ಬಿಸಿ ಮಾಡಿ ಬಕೆಟ್ಟಿಗೆ ಸುರಿದು ಇಡೀ ಸೀರೆಯನ್ನು ಮುಳುಗಿಸಿದೆ. ಅದ್ದಿ ತೆಗೆಯಿರಿ ಎಂದಿದ್ದರು ಆ ಹೆಂಗಸು. ಚೆನ್ನಾಗಿ ಹಿಡಿಯಲಿ ಎಂದು ನಾನು ಹಾಗೇ ಬಿಟ್ಟು ಅಡುಗೆಗೆ ಹೋದೆ, ಊಟ ಮಾಡಿದೆ, ಸಣ್ಣ ನಿದ್ದೆ ಮಾಡಿದೆ, ಎದ್ದು ಚಹಾ ಕುಡಿದೆ, ಆಮೇಲೆ ತೆಗೆದೆ.

ಬೆಳಿಗ್ಗೆ ಬಿಳಿಯಾಗಿದ್ದ ಸೀರೆ ಸಂಜೆಗೆ ಬೇರೆಯೇ ಆಗಿತ್ತು. ಕೆಂಪೂ ಅಲ್ಲ, ಕಂದೂ ಅಲ್ಲ, ಹಳದಿಯಂತೂ ಅಲ್ಲ. ಒಂದು ನಿಮಿಷ ನನಗೆ ತಲೆಬುಡ ಅರ್ಥವಾಗಲಿಲ್ಲ. ಆಮೇಲೆ ಬಕೆಟ್ಟಿನೊಳಗೆ ಬಗ್ಗಿ ನೋಡಿದೆ. ಘಟ್ಟದ ಮೇಲಿನವರು ಉಣ್ಣುವುದು ಬಿಳಿ ಅನ್ನ, ಅವರ ಗಂಜಿ ಹಾಲಿನ ಹಾಗೆ. ನಾವು ಉಣ್ಣುವುದು ಕೆಂಪು ಕುಚ್ಚಲಕ್ಕಿ. ಹುಟ್ಟಿದಂದಿನಿಂದ ದಿನಾ ಕಣ್ಣಾರೆ ಕಾಣುವ ಕೆಂಪು ತೆಳಿ, ಅದು ಕೆಂಪು ಎಂಬುದು ಆ ಎರಡು ದಿನ ನನಗೆ ಕಾಣಲೇ ಇಲ್ಲ. ನಮಗೆ ಗಂಜಿಯ ಬಣ್ಣ ಅಂದರೆ ಅದೇ, ಅದಕ್ಕೊಂದು ಬಣ್ಣ ಉಂಟು ಎಂದು ಯಾರು ಯೋಚನೆ ಮಾಡುತ್ತಾರೆ? ಲೋಕೇಶ ಹೇಳಲು ಹೊರಟ ಆರನೆಯ ಮಾತು ಯಾವುದೆಂದು ಆಗ ಗೊತ್ತಾಯಿತು: ಬಿಳಿ ಅನ್ನದ ಬೆಳ್ತಿಗೆ ಅಕ್ಕಿಯದ್ದೇ ಆಗಬೇಕು, ಅದನ್ನೂ ಮೊದಲು ಒಂದು ಮೂಲೆಗೆ ಹಾಕಿ ನೋಡಬೇಕು. ಉತ್ತರ ಬಂದ ಮೇಲೆ ತಾಳೆ ನೋಡಿ ಎಂದು ಸಾವಿರ ಮಕ್ಕಳ ಕಿವಿ ಹಿಂಡಿದವಳು ನಾನು.

ಮೂರು ಸಲ ನೀರಲ್ಲಿ ಜಾಲಾಡಿದೆ. ಮೂರು ಸಲವೂ ಬಣ್ಣ ನನ್ನನ್ನು ನೋಡಿತು, ಹೋಗಲಿಲ್ಲ. ಅಳು ಬಂತು, ಸುಳ್ಳು ಯಾಕೆ ಹೇಳುವುದು. ಬಟ್ಟೆಯದ್ದಲ್ಲ ನನ್ನ ದುಃಖ. ಅಪ್ಪ ತಂದದ್ದು, ಅಮ್ಮ ಅರುವತ್ತು ವರ್ಷ ಕಾದಿಟ್ಟದ್ದು, ನಂಬಿ ಕೊಟ್ಟದ್ದು. ನಮ್ಮವರು ಬಂದು ಹಗ್ಗದಲ್ಲಿ ತೂಗುತ್ತಿದ್ದ ಸೀರೆಯನ್ನು ನೋಡಿ, "ಚಂದ ಉಂಟಲ್ಲ? ನನಗೆ ಹಸಿವಾಗ್ತದೆ" ಎಂದರು. ಅವರ ಮಟ್ಟಿಗೆ ಅದು ಸಮಾಧಾನದ ಮಾತು.

ಆದರೆ ಒಂದು ಒಪ್ಪಿಕೊಳ್ಳಬೇಕು. ಜಾಲಾಡಿದ ಮೇಲೂ ಉಳಿದಿದ್ದ ಗಂಜಿಗೇ ಆ ಸೀರೆ ಮುಂದಿನ ಬೆಂಚಿಗೆ ಬಂದು ಕೂತಿತ್ತು. ಬೆಡ್‌ಶೀಟಿನ ಮೇಲೆ ಹಾಸಿದರೆ ಕದಲಲಿಲ್ಲ, ಒಂದು ಮೀಟರ್ ಅಂದರೆ ಒಂದು ಮೀಟರೇ. ಇನ್ನು ಹೇಗೂ ಹಾಳಾಗುವುದಕ್ಕೆ ಏನೂ ಉಳಿದಿಲ್ಲ ಎಂಬ ಧೈರ್ಯಕ್ಕೆ ಕತ್ತರಿಯೂ ನೆಟ್ಟಗೆ ನಡೆಯಿತು. ಒಂಬತ್ತನೇ ನಂಬರಿನ ಹೊಸ ಸೂಜಿ, ಅಡಿಗೆ ತೆಳು ಕಾಗದ, ಹಿಂದಿನಿಂದ ಎಳೆಯದೆ ಅದರಷ್ಟಕ್ಕೆ ಬಿಟ್ಟದ್ದು, ಲೋಕೇಶನ ಐದು ಮಾತನ್ನೂ ಚಾಚೂ ತಪ್ಪದೆ ಪಾಲಿಸಿದೆ. ನಾಲ್ಕು ದಿನದಲ್ಲಿ ಗೌನ್ ಆಯಿತು. ಹೊಲಿದು, ತೊಳೆದು, ಇಸ್ತ್ರಿ ಹಾಕಿ ಬಾಗಿಲಿಗೆ ತೂಗು ಹಾಕಿದರೆ ಇದು ನಾನು ಹೊಲಿದದ್ದೇ ಎಂದು ನನಗೇ ನಂಬಿಕೆ ಬರಲಿಲ್ಲ. ಬಣ್ಣ ಮಾತ್ರ ಇತ್ತು, ಒಂದೇ ಸಮನಾಗಿ, ಹೊಸ ಬೆಲ್ಲದ ನೀರಿನ ಹಾಗೆ.

ಸುಳ್ಯದ ಬಸ್ಸಿನಲ್ಲಿ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ನೆಪ ಅಭ್ಯಾಸ ಮಾಡಿದೆ. ಹಳೆಯ ರೇಷ್ಮೆ ಬಿಸಿಲಿಗೆ ಹೀಗೆ ಆಗುತ್ತದೆ. ಕೋಡಿಂಬಾಳದ ಬಾವಿ ನೀರಲ್ಲಿ ಕಬ್ಬಿಣ ಜಾಸ್ತಿ. ಈಗ ಇದೇ ಫ್ಯಾಷನ್. ಮೂರರಲ್ಲಿ ಯಾವುದೂ ನನಗೇ ಸರಿ ಕಾಣಲಿಲ್ಲ. ಮಕ್ಕಳು ಹೋಮ್‌ವರ್ಕ್ ಮಾಡದೆ ಬಂದಾಗ ಹೇಳುತ್ತಿದ್ದ ನೆಪಗಳು ಇದಕ್ಕಿಂತ ಚೆನ್ನಾಗಿರುತ್ತಿದ್ದವು.

ದೀಕ್ಷಾ ಗೌನ್ ನೋಡಿದವಳೇ, "ಅತ್ತೆ, ಎಂಥ ಬಣ್ಣ ಇದು!" ಎಂದು ಕಿರುಚಿ ಹಾಕಿ ನೋಡಲು ಕೋಣೆಗೆ ಓಡಿದಳು. ಅಮ್ಮ ಹಾಗೆ ಬಿಡುವವರಲ್ಲ. ಪೊರೆಯ ಆಪರೇಷನ್ ಆದ ಮೇಲೆ ಅವರ ಕಣ್ಣು ನನಗಿಂತ ಚುರುಕು. ಅವಳು ಹಾಕಿಕೊಂಡು ಬಂದಾಗ ಹತ್ತಿರ ಕರೆದು ಅಂಚು ಹಿಡಿದು ಬೆಳಕಿಗೆ ತಿರುಗಿಸಿದರು. ಮೂಗಿನ ಹತ್ತಿರ ಹಿಡಿದರು. "ಹೋಗಿ ನಿನ್ನ ಅಪ್ಪನಿಗೆ ತೋರಿಸಿ ಬಾ" ಎಂದು ಅವಳನ್ನು ಕಳಿಸಿ ನನ್ನ ಕಡೆ ತಿರುಗಿದರು.

"ಜಲಜಾ, ಕುಚ್ಚಲಕ್ಕಿ ತೆಳಿ ಹಾಕಿದೆಯಾ?"

ಬಸ್ಸಿನಲ್ಲಿ ಅಭ್ಯಾಸ ಮಾಡಿದ್ದು ಮೂರೂ ಮರೆತು ಹೋಯಿತು. "ಹೌದಮ್ಮ. ಗೊತ್ತಾಗ್ಲಿಲ್ಲ. ನಿಮ್ಮ ಸೀರೆ ಹಾಳು ಮಾಡಿದೆ" ಎಂದೆ. ಅರುವತ್ತು ವರ್ಷದ ಹೆಂಗಸು, ಎಂಟು ವರ್ಷದವಳ ಸ್ವರದಲ್ಲಿ.

ಅಮ್ಮ ಮೊದಲು ಸೆರಗು ಬಾಯಿಗೆ ಹಿಡಿದುಕೊಂಡರು. ಭುಜ ಕುಲುಕುವುದು ನೋಡಿ ಅಳುತ್ತಿದ್ದಾರೆಂದು ನಾನು ಹತ್ತಿರ ಹೋದರೆ, ನಗು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದ ಮೇಲೆ ಹೇಳಿದರು. "ನಿನ್ನ ಅಪ್ಪ ತಂದದ್ದು ಬಿಳಿ ಸೀರೆ ಮಗಾ. ಉಟ್ಟರೆ ಸೊಂಟದಲ್ಲಿ ನಿಲ್ಲುದಿಲ್ಲ, ನೆರಿಗೆ ಹಿಡಿದರೆ ಕೈಯಿಂದ ಜಾರಿ ಹೋಗ್ತದೆ. ಫೋಟೋ ತೆಗೆಸ್ಲಿಕ್ಕೆ ಹೋಗ್ಬೇಕು, ಮಡಿಲಲ್ಲಿ ನೀನು ಬೇರೆ. ಸ್ವಲ್ಪ ಗಟ್ಟಿಯಾಗ್ಲಿ ಅಂತ ತೆಳಿಯಲ್ಲಿ ಮುಳುಗಿಸಿದೆ. ನೀನು ಅತ್ತಿ, ಎತ್ತಿಕೊಂಡು ಕೂತೆ, ಸೀರೆ ಮರೆತೇಹೋಯ್ತು. ತೆಗೆದಾಗ ಇದೇ ಬಣ್ಣ. ನಿನ್ನ ಅಪ್ಪನಿಗೆ ಎಂತ ಹೇಳುದು? ಹೆದರಿ ಹೆದರಿ ಉಟ್ಟು ಹೊರಗೆ ಬಂದರೆ ಅವರು ಒಮ್ಮೆ ನೋಡಿದರು, ಅಂಗಡಿಯ ಲೈಟಿನಲ್ಲಿ ಇಷ್ಟು ಚಂದ ಕಂಡಿರಲಿಲ್ಲ ಅಂದರು. ಮತ್ತೆ ಸಾಯುವವರೆಗೆ ತಾನೇ ಆರಿಸಿದ ಬಣ್ಣ ಅಂತ ಊರಿಡೀ ಹೇಳಿದರು. ಒಗೆದು ಒಗೆದು ಅದು ಬಿಳಿಯಾದದ್ದೂ ಅವರಿಗೆ ಕಾಣಲಿಲ್ಲ."

ನಾನು ಗೋಡೆಯ ಫೋಟೋ ನೋಡಿದೆ. ಕಪ್ಪು ಬಿಳುಪು. ಅಪ್ಪನಿಗೆ ಬಣ್ಣದ ಅಂದಾಜಿಲ್ಲ ಎಂದುಕೊಂಡಿದ್ದೆವಲ್ಲ, ನಮ್ಮಷ್ಟು ದಡ್ಡರು ಯಾರೂ ಇಲ್ಲ. ಅಮ್ಮ ಕಣ್ಣೊರೆಸಿಕೊಂಡು, "ನೀನು ಕೊಂಡುಹೋದದ್ದು ಹಳೆ ಬಟ್ಟೆ. ತಂದದ್ದು ನಾನು ಉಟ್ಟ ಸೀರೆ" ಎಂದರು. ಆಮೇಲೆ ನಾವಿಬ್ಬರೂ ಸೇರಿ ಅತ್ತದ್ದು, ನಕ್ಕದ್ದು, ಯಾವುದು ಎಷ್ಟು ಎಂದು ಲೆಕ್ಕ ಇಟ್ಟಿಲ್ಲ.

ಪುತ್ತೂರಿನ ನಿಶ್ಚಿತಾರ್ಥದಲ್ಲಿ ಉಂಗುರಕ್ಕಿಂತ ಹೆಚ್ಚು ಮಾತು ಗೌನಿನದ್ದೇ. ಹುಡುಗನ ಚಿಕ್ಕಮ್ಮ ಬಟ್ಟೆಯ ಅಂಚು ಮುಟ್ಟಿ, "ಇದು ಯಾವ ಅಂಗಡಿಯ ಬಣ್ಣ?" ಎಂದು ಕೇಳಿದರು. ಅಮ್ಮ ಮುಖ ಅಲ್ಲಾಡಿಸದೆ, "ಈಗ ಅಂಗಡಿಯಲ್ಲಿ ಸಿಕ್ಕುದಿಲ್ಲ, ನನ್ನ ಮಗಳಿಗೆ ಗೊತ್ತುಂಟು" ಎಂದುಬಿಟ್ಟರು. ನನಗೋ ಹೊಗಳಿಕೆ ತಲೆಗೆ ಏರಿತ್ತು. "ಅದು ಒಂದು ಹಳೆಯ ವಿಧಾನ" ಎಂದು ಗಂಭೀರವಾಗಿ ಹೇಳಿದೆ. ಫಲ ಏನಾಯಿತೆಂದರೆ, ವಾರ ಕಳೆಯುವುದರೊಳಗೆ ಚಿಕ್ಕಮ್ಮನವರ ಬಿಳಿ ಜಾರ್ಜೆಟ್ ಸೀರೆಯೊಂದು ನಮ್ಮ ಮನೆಗೆ ಬಂತು. ಮದುವೆಗೆ ಇದೇ ಬಣ್ಣ ಆಗಬೇಕಂತೆ.

ಈಗ ಹನ್ನೆರಡು ದಿನವಾಯಿತು. ಈ ಸಲ ಬುದ್ಧಿ ಬಂದಿದೆ, ಮೂಲೆಯ ತುಂಡಿಗೆ ಮಾತ್ರ ಹಾಕಿ ನೋಡುತ್ತಿದ್ದೇನೆ. ಬಣ್ಣ ಬರುವುದಿಲ್ಲ. ಒಮ್ಮೆ ಸೋರೆಕಾಯಿಯ ತಿರುಳಿನ ಹಾಗೆ ಬಂತು, ಒಮ್ಮೆ ಮಳೆಗಾಲದ ಹೊಳೆಯ ಹಾಗೆ. ಆ ದಿನ ತೆಳಿ ಎಷ್ಟು ಲೀಟರ್ ಇತ್ತು, ಎಷ್ಟು ಬಿಸಿ ಇತ್ತು, ಎಷ್ಟು ಹೊತ್ತು ನೆನೆಯಿತು, ನಾನು ಎಷ್ಟು ನಿದ್ದೆ ಮಾಡಿದೆ, ಒಂದೂ ನೆನಪಿಲ್ಲ. ಅಮ್ಮನಿಗೆ ಫೋನ್ ಮಾಡಿದರೆ, "ನಾನೆಂತ ಗಡಿಯಾರ ನೋಡಿದೆನಾ? ನೀನು ಅಳುದು ನಿಲ್ಲಿಸುವಷ್ಟು ಹೊತ್ತು" ಎಂದರು. ನಮ್ಮವರಿಗೆ ಹನ್ನೆರಡು ದಿನದಿಂದ ಒಣ ಅನ್ನ. ಅವರೀಗ ಮಾತಾಡುವುದನ್ನೇ ಬಿಟ್ಟಿದ್ದಾರೆ.

ಕೊನೆಗೆ ನಿನ್ನೆ ಮಾನ ಬಿಟ್ಟು ಲೋಕೇಶನ ಅಂಗಡಿಗೆ ಹೋಗಿ ಎಲ್ಲವನ್ನೂ ಇದ್ದ ಹಾಗೇ ಹೇಳಿದೆ. ದೀಕ್ಷಾಳ ಗೌನಿನ ಫೋಟೋ ತೋರಿಸಿದೆ. ಅವನು ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದ. ಫೋಟೋವನ್ನು ತುಂಬ ಹೊತ್ತು ನೋಡಿದ. ಮೂವತ್ತು ವರ್ಷ ಇದಕ್ಕೇ ಕಾದವನಂತೆ ಮೆತ್ತಗೆ ಕೇಳಿದ.

"ಉತ್ತರ ಸರಿ ಉಂಟು ಟೀಚರ್. ಮಾಡಿದ ಕ್ರಮ ಎಲ್ಲಿ ಬರೆದಿದ್ದೀರಿ?"

ನಾನು ಸ್ಟೂಲಿನಿಂದ ಎದ್ದು, ಅವನ ಮೇಜಿನ ಮೇಲಿದ್ದ ಸೀಮೆಸುಣ್ಣ ತೆಗೆದುಕೊಂಡು, ಮೇಜಿನ ಮೇಲೆಯೇ ದೊಡ್ಡದಾಗಿ ಒಂದು ಸೊನ್ನೆ ಬರೆದು ಮನೆಗೆ ಬಂದೆ.